ಎಂಟು ಮಾರು ಆಳದ ಸಾಕ್ಷಿ

ನಮ್ಮ ಮನೆಯಲ್ಲಿ ಯಾವ ಸಾಮಾನು ಕಾಣೆಯಾದರೂ ಮೊದಲು ತಪಾಸಣೆ ನಡೆಯುವುದು ನನ್ನ ಅಂಗಡಿಯಲ್ಲಿ. ಅಂಗಡಿ ಎಂದರೆ ಮಹಾ ಏನಲ್ಲ. ಮನೆಯ ಮೆಟ್ಟಿಲ ಕೆಳಗೆ ಒಂದು ಮೇಜು, ಅದರ ಮೇಲೆ ಊರವರ ಕೆಟ್ಟ ಫ್ಯಾನು, ಕೆಟ್ಟ ರೇಡಿಯೋ, ಅನ್ನ ಸೀಯಿಸುವ ಕರೆಂಟ್ ಕುಕ್ಕರು. ನಮ್ಮೂರು ಪುಂತಾ ಬುಗಾಸಿನಲ್ಲಿ ತಿರುಗುವ ಫ್ಯಾನೆಲ್ಲ ನಾನು ತಂತಿ ಸುತ್ತಿದ ಮೇಲೆಯೇ ತಿರುಗುತ್ತಿರುವುದು. ಊರಿಗೆ ಇಷ್ಟು ದೊಡ್ಡ ತಂತ್ರಜ್ಞನಾದ ನನ್ನನ್ನು ಮನೆಯ ಇಬ್ಬರು ಹೆಂಗಸರು ಮಾತ್ರ ಚಮಚ ಕದಿಯುವವನ ಹಾಗೆ ನೋಡುತ್ತಾರೆ. (ಚಮಚ ತೆಗೆದದ್ದು ನಿಜ. ಬೆಸುಗೆ ಹಾಕುವಾಗ ಸೀಸ ಕರಗಿಸಲು ಬೇಕಾಗಿತ್ತು. ಆಮೇಲೆ ತೊಳೆದು ವಾಪಸ್ ಇಟ್ಟೆ. ಹಾಗೆ ವಾಪಸ್ ಇಟ್ಟದ್ದೇ ದೊಡ್ಡ ತಪ್ಪಂತೆ.)

ಈ ಸಲದ ರಾದ್ಧಾಂತಕ್ಕೆ ಕಾರಣ ಮಾತ್ರ ಚಮಚಕ್ಕಿಂತ ದೊಡ್ಡದು. ನಮ್ಮೂರ ಎದುರಿನ ಸಮುದ್ರದಲ್ಲಿ ಕಿತ್ತಳೆ ಬಣ್ಣದ ನಾಲ್ಕು ಪ್ಲಾಸ್ಟಿಕ್ ಬುರುಡೆಗಳು ಗಡಿಗುರುತಾಗಿ ತೇಲುತ್ತಿರುತ್ತವೆ. ಆ ನಾಲ್ಕರ ನಡುವಿನ ನೀರಿನಲ್ಲಿ ಐದು ವರ್ಷದಿಂದ ಯಾರೂ ಬಲೆ ಬೀಸುವಂತಿಲ್ಲ, ಗಾಳ ಹಾಕುವಂತಿಲ್ಲ. ಅದು ಮೀನುಧಾಮ. ಮೀನು ಅಲ್ಲಿ ನೆಮ್ಮದಿಯಾಗಿ ಮರಿ ಮಾಡಲಿ, ಹೆಚ್ಚಾದದ್ದು ಹೊರಗೆ ಬಂದಾಗ ನಾವು ಹಿಡಿಯೋಣ ಎಂಬ ಯೋಜನೆ. ಯೋಜನೆಯ ಒಡತಿ ನನ್ನ ಹೆಂಡತಿ ಸಿತಾಂಗ್. ಚರ್ಚಿನ ದಾಖಲೆಯಲ್ಲಿ ವಿಸಿತಾಸಿಯೋನ್, ಊರಿಗೆ ಮೀನುಗಾರರ ಸಂಘದ ಅಧ್ಯಕ್ಷೆ, ಮನೆಗೆ ಸರ್ವಾಧ್ಯಕ್ಷೆ. ಐದು ವರ್ಷದ ಹಿಂದೆ ಊರ ಸಭೆಯಲ್ಲಿ ಎದ್ದು ನಿಂತು, "ಐದು ವರ್ಷ ಕೊಡಿ. ಅಷ್ಟರಲ್ಲಿ ಮೀನು ವಾಪಸ್ ಬರಲಿಲ್ಲ ಅಂದ್ರೆ ನಾನು ಇನ್ಮೇಲೆ ಬಾಯೇ ತೆರೆಯಲ್ಲ" ಎಂದಿದ್ದಳು. (ಈ ಷರತ್ತು ಮನೆಯೊಳಗೂ ಅನ್ವಯಿಸುತ್ತದೆಯೇ ಎಂದು ನಾನು ಆಮೇಲೆ ಕೇಳಿದ್ದೆ. ಇಲ್ಲವಂತೆ.)

ಆ ಐದು ವರ್ಷ ಮುಗಿದಿತ್ತು. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಸಭೆ. ಮೀನುಧಾಮ ಇರಬೇಕೋ ಬೇಡವೋ ಎಂದು ಊರು ಕೈ ಎತ್ತಿ ಹೇಳಬೇಕು. ಬೇಡ ಎನ್ನುವವರ ಮುಖಂಡ ಬೇರೆ ಯಾರೂ ಅಲ್ಲ, ಸಿತಾಂಗಳ ಸ್ವಂತ ಅಣ್ಣ ಪ್ರಿಮಿತಿವೋ. ಊರಿಗೆಲ್ಲ ಅವನು ಮನೋಯ್ ಪ್ರಿಮೋ, ಅಂದರೆ ಪ್ರಿಮೋ ಅಣ್ಣ. "ಒಳಗೆ ಮೀನೂ ಇಲ್ಲ, ಮಣ್ಣೂ ಇಲ್ಲ. ಐದು ವರ್ಷದಿಂದ ಬರೀ ಉಪ್ಪುನೀರು ಕಾಯ್ತಾ ಇದೀವಿ" ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗುತ್ತಿದ್ದ. ಆ ಐದು ವರ್ಷವೂ ಅವನು ತಂಗಿಯ ಮನೆಯ ಮೆಟ್ಟಿಲು ಹತ್ತಿರಲಿಲ್ಲ. (ಫ್ಯಾನು ಕೆಟ್ಟರೆ ಮಾತ್ರ ಬರುತ್ತಿದ್ದ. ಅಂಗಡಿ ಮೆಟ್ಟಿಲ ಕೆಳಗಿದೆಯಲ್ಲ, ಪ್ರತಿಜ್ಞೆಗೆ ಭಂಗ ಬರುವುದಿಲ್ಲ.)

ಸಭೆಗೆ ಎಂಟು ದಿನವಿರುವಾಗ ಸಿತಾಂಗ್ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅವಳು ಅಳುವವಳಲ್ಲ, ಸಾರಿನ ರುಚಿ ನೋಡಿಯೇ ನಾವು ಅವಳ ಮನಸ್ಸು ತಿಳಿಯಬೇಕು. ಅಂದು ಆ ಸಾರು ಕುಡಿದಾಗ ನನಗೆ ನಿಜವಾಗಿಯೂ ಸಂಕಟವಾಯಿತು.

"ಮೀನಿದೆ ದೋಂಗ್, ನಂಗೊತ್ತು" ಎಂದಳು. "ಆದ್ರೆ ನೋಡಿದವರು ಯಾರು? ಒಳಗೆ ಯಾರೂ ಇಳೀಬಾರ್ದು ಅಂತ ನಿಯಮ ಬರೆದವಳೂ ನಾನೇ."

"ನಾವು ಇಳಿಯೋದು ಬೇಡ ದಾಯ್. ಕ್ಯಾಮೆರಾ ಇಳಿಸೋಣ" ಎಂದೆ. (ನಾನು ಅವಳಿಗೆ ದೋಂಗ್, ಅವಳು ನನಗೆ ದಾಯ್.)

"ರೆಸಾರ್ಟಿನವರ ಹತ್ರ ನೀರೊಳಗಿನ ಕ್ಯಾಮೆರಾ ಇದೆ, ಕೇಳಿ ಬಂದೆ. ಅವರು ಹೇಳಿದ ಬಾಡಿಗೆಗೆ ನಮ್ಮ ದೋಣೀನೇ ಅಲ್ಲಿ ಬಿಟ್ಟು ಈಜಿಕೊಂಡು ಬರಬೇಕು."

"ಬಾಡಿಗೆ ಯಾಕೆ? ನಾನೇ ಮಾಡ್ತೀನಿ. ಕ್ಯಾಮೆರಾನೂ ಮಾಡ್ತೀನಿ, ಅದಕ್ಕೆ ಬೇಕಾದ ದೀಪಾನೂ ಮಾಡ್ತೀನಿ. ಅಂಗಡೀಲಿ ಬಿದ್ದಿರೋ ಸಾಮಾನೇ ಸಾಕು."

ಮೂಲೆಯಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದ ನನ್ನ ಅತ್ತೆ ನಾನಾಯ್ (ಅಂದರೆ ಅಮ್ಮ) ಪನ್ಯಾಂಗ್ ತಲೆಯೆತ್ತಿದರು. "ಮಗಳೇ, ಈಗ್ಲೇ ಮನೆ ಸಾಮಾನೆಲ್ಲ ಒಂದ್ಸಲ ನೋಡಿಟ್ಕೋ. ಆಮೇಲೆ ಗುರುತು ಸಿಗಲ್ಲ."

ಅಂದೇ ಜಲಾಂತರ್ಗತ ಚಿತ್ರಗ್ರಹಣ ಯಂತ್ರದ ನಿರ್ಮಾಣ ಕಾರ್ಯ ಆರಂಭವಾಯಿತು. ಕ್ಯಾಮೆರಾ ಫೋನಿನಲ್ಲೇ ಇರುತ್ತದೆ, ಅದು ಕಷ್ಟವಲ್ಲ. ಫೋನಿನೊಳಗೆ ನುಗ್ಗಲು ಸಮುದ್ರಕ್ಕೆ ಇರುವ ಆಸೆಯೇ ಕಷ್ಟ. ನನ್ನ ಫೋನಿನ ಕ್ಯಾಮೆರಾ ಒಡೆದಿತ್ತು, ಅತ್ತೆಯದು ಗುಂಡಿ ಒತ್ತುವ ಫೋನು. ಆದ್ದರಿಂದ ಹೆಂಡತಿಯ ಫೋನೇ ದೇಶಸೇವೆಗೆ ಆಯ್ಕೆಯಾಯಿತು. ಅದು ಹಿಡಿಸುವಷ್ಟು ದಪ್ಪನೆಯ ನೀರಿನ ಪೈಪು ಒಂದು ಗೇಣು ಕತ್ತರಿಸಿ, ಒಂದು ಬಾಯಿಗೆ ಮುಚ್ಚಳ ಅಂಟಿಸಿದೆ. ಇನ್ನೊಂದು ಬಾಯಿಗೆ ಕಿಟಕಿ ಬೇಕು. ಗಾಜು ಒಡೆಯುತ್ತದೆ, ದಪ್ಪ ಪ್ಲಾಸ್ಟಿಕ್ಕೇ ಆಗಬೇಕು, ಆರಪಾರ ಕಾಣಬೇಕು. ಇಡೀ ಊರಿನಲ್ಲಿ ಅಂಥ ಪ್ಲಾಸ್ಟಿಕ್ ಒಂದೇ ಕಡೆ ಇತ್ತು. ಅದು ಪಟ್ಟಣದವರು ಸಿತಾಂಗ್‌ಗೆ ಕೊಟ್ಟ ಪ್ರಶಸ್ತಿ ಫಲಕ. ನಮ್ಮ ಗಾಜಿನ ಬೀರುವಿನಲ್ಲಿ, ಹಬ್ಬಕ್ಕೆ ಮಾತ್ರ ತೆಗೆಯುವ ತಟ್ಟೆಗಳ ಪಕ್ಕ ನಿಂತಿತ್ತು.

"ತಿಯೋದುಲ್ಫೋ!"

ನನ್ನ ಹೆಂಡತಿಗೆ ಸಮಾಧಾನವಿರುವಾಗ ನಾನು 'ದೋಂಗ್'. ಪೂರ್ತಿ ಹೆಸರು ಹೊರಬಂದರೆ ಹತ್ತಿರದ ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ.

"ನನ್ನ ಫಲಕದಲ್ಲಿ ತೂತು!"

"ತೂತಲ್ಲ ದಾಯ್. ಖಾಲಿ ಬಿದ್ದಿದ್ದ ಜಾಗ ಒಂದಿಷ್ಟು ದುಂಡಗೆ ತಗೊಂಡಿದೀನಿ ಅಷ್ಟೇ. 'ಅಧ್ಯಕ್ಷೆ' ಹಾಗೇ ಇದೆ ನೋಡು."

"ಅಧ್ಯಕ್ಷೆ ಇದೆ. ಅದರ ಹಿಂದೆ 'ಉತ್ತಮ' ಅಂತಿತ್ತಲ್ಲ, ಅದೆಲ್ಲಿ?"

(ಉತ್ತಮ ಸ್ವಲ್ಪ ಅಂಚಿನಲ್ಲಿತ್ತು. ಅದನ್ನು ಉಜ್ಜಿ ಅಳಿಸಿ ಕಿಟಕಿ ನುಣುಪು ಮಾಡುವುದರಲ್ಲೇ ನನ್ನ ಅರ್ಧ ದಿನ ಹೋಗಿತ್ತು. ಇದನ್ನು ಹೇಳುವ ಸಮಯ ಅದಲ್ಲ ಎಂದು ಸುಮ್ಮನಾದೆ.)

ಕಿಟಕಿಯ ಸುತ್ತ ನೀರು ಜಿನುಗದಂತೆ ರಬ್ಬರಿನ ಸುತ್ತು ಬೇಕಾಯಿತು. ದುಬೈಯಲ್ಲಿ ಕೆಲಸಕ್ಕಿರುವ ನಾದಿನಿ ಕಳಿಸಿದ ಗಾಳಿಯಾಡದ ಡಬ್ಬಿಗಳು ಮನೆಯಲ್ಲಿದ್ದವು. ಆರು ಡಬ್ಬಿಗಳ ಸುತ್ತು ಬಿಚ್ಚಿ ನೋಡಿದ ಮೇಲೆ ಒಂದು ಸರಿಹೊಂದಿತು. ಉಳಿದ ಐದನ್ನು ವಾಪಸ್ ಹಾಕಲು ಮರೆತದ್ದರಿಂದ ಇರುವೆಗಳಿಗೆ ಆ ವಾರ ದುಬೈ ಬಿಸ್ಕತ್ತಿನ ಔತಣವಾಯಿತು. ಒಳಗೆ ಫೋನಿನ ಬದಲು ಒಣ ಕಾಗದ ಇಟ್ಟು, ನೀರಿನ ಪೀಪಾಯಿಯಲ್ಲಿ ಕಲ್ಲು ಹೇರಿ ಒಂದು ರಾತ್ರಿ ಮುಳುಗಿಸಿದೆ. ಬೆಳಗ್ಗೆ ತೆಗೆದರೆ ಕಾಗದ ಗರಿಗರಿಯಾಗಿತ್ತು. ಆ ಕಾಗದ ಹಿಡಿದು ಮನೆಯ ಸುತ್ತ ಒಂದು ಸುತ್ತು ಓಡಿದೆ. "ಬಿಸ್ಕತ್ತು ಮೆತ್ತಗಾಗಿದೆ, ಕಾಗದ ಗರಿಗರಿಯಾಗಿದೆ. ಈ ಮನುಷ್ಯನ ತಲೆ ಎಲ್ಲಾ ತಲೆಕೆಳಗೆ" ಎಂದರು ಅತ್ತೆ.

ಇನ್ನು ದೀಪ. ಎಂಟು ಮಾರು ಆಳಕ್ಕೆ ಇಳಿದರೆ ಹಗಲಿನಲ್ಲೂ ಬಣ್ಣಗಳೆಲ್ಲ ಸತ್ತು ಬರೀ ನೀಲಿ ಉಳಿಯುತ್ತದೆ. ಕೆಂಪು ಮೀನು ಬೂದಿ ಬಣ್ಣವಾಗಿ ಕಾಣುತ್ತದೆ. ಅದು ಮೀನಲ್ಲ, ಕಲ್ಲು ಎಂದು ಮನೋಯ್ ಪ್ರಿಮೋ ಹೇಳದೆ ಬಿಡುವವನಲ್ಲ. ಅದಕ್ಕೆ ಎರಡು ಮೋಟಾರು ಸೈಕಲ್ ದೀಪ ಹುಡುಕಿ, ಕಡಲೆಕಾಯಿ ಬೆಣ್ಣೆಯ ದಪ್ಪ ಸೀಸೆಗಳಲ್ಲಿ ಕೂರಿಸಿದೆ. ಸೀಸೆಯೊಳಗೆ ಗಾಳಿಯಿದ್ದರೆ ಸಮುದ್ರ ಒತ್ತಿ ಒಳಗೆ ನುಗ್ಗುತ್ತದೆ. ಗಂಟಲವರೆಗೆ ಎಣ್ಣೆ ತುಂಬಿಬಿಟ್ಟರೆ ನುಗ್ಗಲು ಜಾಗವೇ ಇರುವುದಿಲ್ಲ. ಇದು ನನ್ನ ಮಹಾನ್ ಆವಿಷ್ಕಾರ. ಎಣ್ಣೆಯೂ ಮನೆಯಲ್ಲೇ ಇತ್ತು, ಒಳ್ಳೆ ಅಪ್ಪಟ ತೆಂಗಿನೆಣ್ಣೆ.

"ದೋಂಗ್, ಒಣಮೀನು ಕರೀಬೇಕು. ಎಣ್ಣೆ ಎಲ್ಲಿ?"

"ದೀಪದಲ್ಲಿದೆ."

"ಎಲ್ಲಾನೂ?"

"ಎರಡು ದೀಪ ಅಲ್ವಾ ದಾಯ್. ಒಂದಕ್ಕೆ ತುಂಬಿ ಇನ್ನೊಂದಕ್ಕೆ ತುಂಬದೆ ಇದ್ರೆ ಒಂದು ಕಣ್ಣು ಕುರುಡಾಗಲ್ವಾ?"

ಸಿತಾಂಗ್ ಖಾಲಿ ಬಾಣಲೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅತ್ತೆ ಮಾತ್ರ ಎದ್ದು ಬಂದು, ಒಂದು ಗಂಟೆಯಿಂದ ಉರಿಯುತ್ತಿದ್ದ ಸೀಸೆಯನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು. "ಚೆನ್ನಾಗೇ ಕಾದಿದೆ ಕಣೇ! ಮೀನು ತಗೊಂಡು ಬಾ" ಎಂದರು. ಅತ್ತೆ ತಮಾಷೆ ಮಾಡಿದರೋ ನಿಜವಾಗಿ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾಲ ಹಿಡಿದು ಒಂದು ಮೀನು ಇಳಿಬಿಟ್ಟೇಬಿಟ್ಟಿದ್ದರು. ನಾನು ಅಡ್ಡ ಬಿದ್ದು ತಡೆದೆ.

ಬುಧವಾರ ಮೊದಲ ಪ್ರಯೋಗ. ದೋಣಿ ಪಾರೆ ವೆನ್ಸೋಯ್‌ನದು. ಅವನ ಮಗಳ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವನು ನಾನು. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು 'ಪಾರೆ'. ದೀಪಕ್ಕೆ ಬೇಕಾದ ಬ್ಯಾಟರಿ ದೋಣಿಯಲ್ಲಿಟ್ಟು, ಉದ್ದನೆಯ ತಂತಿ ಜೋಡಿಸಿ, ಹಗ್ಗ ಕಟ್ಟಿ, ಶಿಲುಬೆಯ ಗುರುತು ಮಾಡಿಕೊಂಡು ಯಂತ್ರವನ್ನು ನೀರಿಗೆ ಬಿಟ್ಟೆವು. ಯಂತ್ರ ಬಾತುಕೋಳಿಯಂತೆ ತೇಲಿತು. ಒತ್ತಿದರೆ ಪಕ್ಕಕ್ಕೆ ಹೊರಳಿ ಮತ್ತೆ ತೇಲಿತು. ಅರ್ಧ ಗಂಟೆ ಮಲಗಿಕೊಂಡೇ ಆಕಾಶವನ್ನು ಚಿತ್ರೀಕರಿಸಿತು.

"ಮೋಡ ತುಂಬಾ ಚೆನ್ನಾಗಿ ಬಂದಿದೆ" ಎಂದು ಮನೆಗೆ ಬಂದು ಹೇಳಿದೆ.

"ಮನೋಯ್‌ಗೆ ಅದನ್ನೇ ತೋರಿಸ್ತೀಯಾ?" ಎಂದಳು ಸಿತಾಂಗ್. ಕೋಪ ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಗೋಡೆಗೆ ಒರಗಿ ಕುಳಿತು, "ಇರಲಿ ಬಿಡು ದೋಂಗ್. ಐದು ವರ್ಷ ಪ್ರಯತ್ನ ಪಟ್ಟೆ ಅಲ್ವಾ, ಸಾಕು" ಎಂದಳು. ಅವಳ ಬಾಯಲ್ಲಿ 'ಸಾಕು' ಎಂಬ ಮಾತನ್ನು ಮದುವೆಯಾದ ಮೇಲೆ ನಾನು ಕೇಳಿದ್ದು ಅದೇ ಮೊದಲು.

ಯಂತ್ರಕ್ಕೆ ಭಾರ ಬೇಕು, ಸಮುದ್ರದ ತಳದಲ್ಲಿ ಅಲ್ಲಾಡದೆ ನಿಲ್ಲಲು ನಾಲ್ಕು ಕಾಲೂ ಬೇಕು. ಮನೆಯಲ್ಲಿ ಸುತ್ತಮುತ್ತ ನೋಡಿದೆ. ಕಿಟಕಿಯ ಪಕ್ಕ ಅತ್ತೆಯ ಹೊಲಿಗೆ ಯಂತ್ರ ನಿಂತಿತ್ತು. ಎರಕದ ಕಬ್ಬಿಣದ ಕಾಲುಗಳು, ಬಳ್ಳಿಯ ಚಿತ್ತಾರ, ಕೆಳಗೆ ತುಳಿಯುವ ಪೆಡಲು, ಪಕ್ಕದಲ್ಲಿ ಚಕ್ರ. ಎರಡಾಳಿನ ಹೊರೆ. ಅತ್ತೆ ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅವರೂ ಮುಟ್ಟದೆ ನಾಲ್ಕು ವರ್ಷವಾಗಿತ್ತು.

ಗುರುವಾರ ಅತ್ತೆ ಜಪಮಾಲೆ ಪ್ರಾರ್ಥನೆಗೆ ಹೊರಟದ್ದೇ ತಡ, ಪಾರೆ ವೆನ್ಸೋಯ್‌ನನ್ನು ಕರೆದೆ. ಯಂತ್ರದ ತಲೆ ಬಿಚ್ಚಿ ಹಾಸಿಗೆಯ ಮೇಲೆ ಮಲಗಿಸಿ ಹೊದಿಕೆ ಹೊದಿಸಿದೆವು. ಕಾಲುಗಳ ನಡುವೆ ಕ್ಯಾಮೆರಾ, ಎರಡು ಬದಿಗೆ ಎರಡು ದೀಪ ಬಿಗಿದೆವು. ಪೈಪಿನೊಳಗೆ ಕಿಟಕಿ ಮಂಕಾಗದಂತೆ ಹುರಿದ ಅಕ್ಕಿಯನ್ನು ಕಾಲುಚೀಲದಲ್ಲಿ ಕಟ್ಟಿ ಇಟ್ಟೆ. ಇಲ್ಲಿ ಒಂದು ತೊಡಕಿತ್ತು. ಒಮ್ಮೆ ಮುಚ್ಚಿದ ಮೇಲೆ ಒಳಗಿನ ಗುಂಡಿ ಒತ್ತಲು ಆಗುವುದಿಲ್ಲ, ಹಾಗಾಗಿ ಮನೆಯಲ್ಲೇ ಚಾಲೂ ಮಾಡಿ ಮುಚ್ಚಬೇಕು. ಮುಚ್ಚಿದೆ. ಹೊತ್ತುಕೊಂಡು ಮೆಟ್ಟಿಲಿಳಿಯುವ ಹೊತ್ತಿಗೆ ಸರಿಯಾಗಿ ಅತ್ತೆ ಎದುರಾದರು. ಕನ್ನಡಕ ಮರೆತು ಹೋಗಿದ್ದರಂತೆ.

"ನನ್ನ ಮೆಷಿನ್ ಕಾಲು ಎಲ್ಲಿಗೋ ಹೊತ್ಕೊಂಡು ಹೋಗ್ತಿದೀಯ ಕಳ್ಳಾ! ಸಿತಾಂಗ್, ಬಾರೇ ಇಲ್ಲಿ! ಇವನು ನಾಳೆ ನನ್ನ ಕಾಲೂ ಬಿಚ್ಕೊಂಡು ಹೋಗ್ತಾನೆ!"

"ಇಂಥವನನ್ನ ಕಟ್ಕೊಂಡೆನಲ್ಲಾ ದೇವರೇ!" ಎಂದು ಸಿತಾಂಗ್ ಹಣೆ ಚಚ್ಚಿಕೊಂಡಳು. ಆಮೇಲೆ ಅವಳೇ ಒಂದು ಕಾಲಿಗೆ ಕೈ ಕೊಟ್ಟು ದೋಣಿಗೆ ಹತ್ತಿಸಿದಳು. "ಎಲ್ಲಿ ಇಳಿಸ್ತೀರಿ?"

"ಬಡಗಣ ಬುರುಡೆ ಇದೆಯಲ್ಲ, ಅಲ್ಲಿಂದ ನಲವತ್ತು ಹುಟ್ಟು ಹಾಕುವಷ್ಟು ಒಳಗೆ. ದೊಡ್ಡ ಹವಳದ ಬಂಡೆ ಎಡಕ್ಕೆ, ಅದರ ಕೆಳಗೊಂದು ಪೊಟರೆ."

"ಅಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ನಿಂಗೆ?"

"ತಾಂತ್ರಿಕ ಅಂದಾಜು" ಎಂದೆ.

ಈ ಸಲ ಯಂತ್ರ ಮುಳುಗಿತು. ಎಷ್ಟು ಉತ್ಸಾಹದಿಂದ ಮುಳುಗಿತೆಂದರೆ ಪಾರೆ ವೆನ್ಸೋಯ್ ಹಗ್ಗದ ಜೊತೆ ತಾನೂ ಅರ್ಧ ಹೋಗಿ ವಾಪಸ್ ಬಂದ. ಎರಡು ಗಂಟೆ ಕಾದು ಮೇಲೆತ್ತಿದೆವು. ಕಾಲುಚೀಲದ ಅಕ್ಕಿ ಒಣಗೇ ಇತ್ತು. ದಡದಲ್ಲಿ ಸಿತಾಂಗ್ ಸೊಂಟದ ತನಕ ನೀರಿಗಿಳಿದು ಕಾಯುತ್ತಿದ್ದಳು. ಬಿಸಿಲಿನಲ್ಲಿ ಫೋನಿಗೆ ಟವೆಲ್ ಮರೆ ಮಾಡಿ ಮೂವರೂ ತಲೆ ಒಳಗೆ ತೂರಿಸಿ ನೋಡಿದೆವು. ಮೊದಲು ಮರಳು, ಆಮೇಲೆ ಚಿಕ್ಕ ಮೀನುಗಳ ದಂಡು, ಆಮೇಲೆ ಗಿಳಿಮೀನು. ಕೊನೆಗೆ ಪೊಟರೆಯಿಂದ ನಿಧಾನವಾಗಿ, ಊರ ಯಜಮಾನರು ಹೊರಗೆ ಬಂದ ಹಾಗೆ, ಒಂದು ಭಾರಿ ಲಾಪು-ಲಾಪು ಮೀನು ಬಂತು. ನನ್ನ ದೀಪದ ಬೆಳಕಿನಲ್ಲಿ ಅದರ ಕೆಂಪು ಚುಕ್ಕೆಗಳು ಒಂದೊಂದೂ ಎಣಿಸುವ ಹಾಗೆ ಕಂಡವು. ಸಿತಾಂಗ್ ಟವೆಲ್ಲಿನೊಳಗೇ ನನ್ನನ್ನು ತಬ್ಬಿಕೊಂಡಳು. (ಪಾರೆ ವೆನ್ಸೋಯ್ ಕೂಡ ಟವೆಲ್ಲಿನೊಳಗಿದ್ದ. ಅವನಿಗೂ ಸ್ವಲ್ಪ ಪಾಲು ಸಿಕ್ಕಿತು.) ಅವಳ ಕಣ್ಣು ಒದ್ದೆಯಾಗಿತ್ತು. ಅಂಥ ಸಂತೋಷ ಕೊಟ್ಟವನು ನಾನು ಎಂಬ ಹೆಮ್ಮೆಯಲ್ಲಿ ಆ ದಿನ ನನಗೆ ಊಟವೂ ಬೇಕಾಗಲಿಲ್ಲ.

ಆ ಹೆಮ್ಮೆಯೇ ನನ್ನನ್ನು ಕೆಡಿಸಿತು. ಚಿತ್ರದ ಮೊದಲ ಭಾಗದಲ್ಲಿ ಏನಿತ್ತು ಹೇಳಿ? ನಮ್ಮ ಮೆಟ್ಟಿಲು, ಅತ್ತೆಯ 'ಕಳ್ಳಾ', ಹೆಂಡತಿಯ 'ಇಂಥವನನ್ನ ಕಟ್ಕೊಂಡೆನಲ್ಲಾ', ಆಮೇಲೆ ದೋಣಿ ಪ್ರಯಾಣ, ಬುರುಡೆ ದಾಟುವುದು, ನೀರಿಗೆ ಇಳಿಸುವುದು. ಇಡೀ ಊರು ನನ್ನ ಕೃತಿಯನ್ನು ನೋಡುವಾಗ ಈ ಬೈಗುಳ ಯಾಕೆ? ಶನಿವಾರ ಕುಳಿತು, ನೀರು ಮುಟ್ಟುವವರೆಗಿನದನ್ನೆಲ್ಲ ಕತ್ತರಿಸಿ ಎಸೆದೆ. ಫೋನಿನಲ್ಲಿ ಜಾಗ ಸಾಲದೆ ಮೂಲವನ್ನೂ ಅಳಿಸಿಬಿಟ್ಟೆ.

ಭಾನುವಾರ ಪೂಜೆ ಮುಗಿದು ಊರೆಲ್ಲ ಬ್ಯಾಸ್ಕೆಟ್‌ಬಾಲ್ ಅಂಗಳದ ತಗಡಿನ ಸೂರಿನ ಕೆಳಗೆ ಸೇರಿತು. ನಮ್ಮಲ್ಲಿ ಮದುವೆ, ಮರಣ, ಮತದಾನ ಎಲ್ಲಕ್ಕೂ ಅದೇ ಜಾಗ. ಊರ ಮುಖ್ಯಸ್ಥ ಕಪಿತಾನ್ ತಮ್ಮ ಮನೆಯ ಕರಾವೋಕೆ ಯಂತ್ರವನ್ನು (ಅದು ಹಾಡಿದವರಿಗೆ ಅಂಕ ಕೊಡುತ್ತದೆ) ದೊಡ್ಡ ಟೀವಿಯ ಸಮೇತ ತರಿಸಿದ್ದರು. ಫೋನನ್ನು ಅದಕ್ಕೆ ಸಿಕ್ಕಿಸಿದೆವು. ಚಿತ್ರ ಶುರುವಾದದ್ದೇ ಗದ್ದಲ ನಿಂತಿತು. ಗಿಳಿಮೀನು ಬಂದಾಗ ಹೆಂಗಸರು ಚಪ್ಪಾಳೆ ಹೊಡೆದರು. ಲಾಪು-ಲಾಪು ಬಂದಾಗ ಗಂಡಸರು ಎದ್ದು ನಿಂತರು. ಚಿತ್ರ ಮುಗಿಯುತ್ತಲೇ ಆ ಯಂತ್ರ ಅಭ್ಯಾಸ ಬಲದಿಂದ ತುತ್ತೂರಿ ಊದಿ ತೊಂಬತ್ತೆರಡು ಅಂಕ ಕೊಟ್ಟಿತು. ನಾನು ಎದ್ದು ಬಗ್ಗಿ ನಮಸ್ಕಾರ ಮಾಡಿದೆ.

ಮನೋಯ್ ಪ್ರಿಮೋ ಮಾತ್ರ ಕೈಕಟ್ಟಿ ಕೂತಿದ್ದ. "ಒಳ್ಳೆ ಮೀನು" ಎಂದ. "ಯಾವ ಸಮುದ್ರದ್ದು?"

"ನಮ್ಮದೇ ಮನೋಯ್!" ಎಂದಳು ಸಿತಾಂಗ್.

"ಏನು ಗುರುತು? ಇಂಥ ಮೀನು ನನ್ನ ಫೋನಲ್ಲೂ ದಿನಾ ಬರ್ತವೆ. ಎಲ್ಲಿಂದಲೋ ತೆಗೆದು ಹಾಕಿದ್ರೆ ಆಯ್ತು. ದೋಣಿ ಎಲ್ಲಿ? ಬುರುಡೆ ಎಲ್ಲಿ? ನೀವು ಇಳಿಸಿದ್ದು ಎಲ್ಲಿ? ಶುರುವಾಗೋದೇ ನೀರೊಳಗಿಂದ!"

"ಹೌದಲ್ಲ" ಎಂದರು ನಾಲ್ಕು ಜನ. "ಹೌದು ಹೌದು" ಎಂದರು ನಲವತ್ತು ಜನ. ಪಾರೆ ವೆನ್ಸೋಯ್ ಎದ್ದು ತಾನೇ ಸಾಕ್ಷಿ ಎಂದ. "ನೀನು ಅವನ ಪಾರೆ, ಇನ್ನೇನು ಹೇಳ್ತೀಯ, ಕೂತ್ಕೋ" ಎಂದರು. ಸಿತಾಂಗ್ ನನ್ನ ಕಡೆ ತಿರುಗಿದಳು. "ದೋಂಗ್, ಮೊದಲ ಭಾಗ ಹಾಕು."

"ಅಳಿಸಿಬಿಟ್ಟೆ" ಎಂದೆ.

ಅವಳು ಬೈಯಲಿಲ್ಲ. ಪೂರ್ತಿ ಹೆಸರನ್ನೂ ಕರೆಯಲಿಲ್ಲ. ಕುರ್ಚಿಯ ಬೆನ್ನು ಹಿಡಿದು ಸುಮ್ಮನೆ ನಿಂತುಬಿಟ್ಟಳು. ಮಾತು ಕೊಟ್ಟ ಹಾಗೆ ಇನ್ನು ಬಾಯಿ ತೆರೆಯಬಾರದು ಎಂದು ಅಲ್ಲೇ ಶುರು ಮಾಡಿದಳೋ ಏನೋ. ಚಿತ್ರ ಮುಗಿದರೂ ಟೀವಿಯಲ್ಲಿ ಲಾಪು-ಲಾಪು ನಿಂತೇ ಇತ್ತು. ಅದನ್ನು ನೋಡುತ್ತ ನಾನು ಒಂದು ಹೆಜ್ಜೆ ಹತ್ತಿರ ಹೋದೆ. ಅಂಗೈ ಅಗಲದ ಫೋನಿನಲ್ಲಿ ಕಾಣದಿದ್ದದ್ದು ಆ ದೊಡ್ಡ ಟೀವಿಯಲ್ಲಿ ಕಾಣುತ್ತಿತ್ತು. ಮೀನಿನ ತುಟಿಯ ಅಂಚಿನಲ್ಲಿ ತಾಮ್ರದ ಬಣ್ಣದ್ದೇನೋ ಒಂದು ಹೊಳೆಯುತ್ತಿತ್ತು.

ಓದುಗರೇ, ಇಷ್ಟು ಹೊತ್ತು ನಿಮ್ಮಿಂದಲೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಮೀನುಧಾಮ ಕಾಯುವುದು ಮನೆಗೊಂದು ಸರದಿ. ಬುರುಡೆಗಳ ಪಕ್ಕ ಒಂದು ಬಿದಿರ ತೆಪ್ಪವಿದೆ, ಅದರ ಮೇಲೊಂದು ಗುಡಿಸಲು. ಸರದಿ ಬಂದವನು ಆರು ಗಂಟೆ ಕಾಲ ಅಲ್ಲಿ ಕೂರಬೇಕು. ಮೂರು ವಾರದ ಹಿಂದೆ ನಮ್ಮ ಮನೆಯ ಸರದಿ, ಕೂತವನು ನಾನು. ಆರು ಗಂಟೆ ಸುಮ್ಮನೆ ಕೂತು ನೋಡಿ, ಆಗ ತಿಳಿಯುತ್ತದೆ. ಜೇಬಿನಲ್ಲಿ ದಾರವಿತ್ತು, ಕೈ ತುರಿಸಿತು. ತೆಪ್ಪಕ್ಕೆ ಬಂದಿದ್ದ ದೋಣಿಯಲ್ಲೇ ಹುಟ್ಟು ಎಣಿಸುತ್ತ ಒಳಗೆ ಹೋಗಿ ಒಂದೇ ಸಲ ಹಾಕಿದೆ. ಏನೋ ಭಾರಿ ಎಳೆಯಿತು, ದಾರ ಹರಿದು ಗಾಳ ಅದರ ಬಾಯಲ್ಲೇ ಉಳಿಯಿತು. ಎಲ್ಲಿ ಇಳಿಸಬೇಕೆಂಬ ನನ್ನ ತಾಂತ್ರಿಕ ಅಂದಾಜಿನ ಗುಟ್ಟು ಇಷ್ಟೇ.

ಕಪಿತಾನ್ ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಕೈ ಎತ್ತೋಣ" ಎಂದರು. ಸಿತಾಂಗ್ ಇನ್ನೂ ಕುರ್ಚಿ ಹಿಡಿದೇ ನಿಂತಿದ್ದಳು. ಬಾಯಿ ಬಿಟ್ಟರೆ ನಾನು ಸತ್ತೆ, ಬಿಡದಿದ್ದರೆ ಅವಳು.

"ನಿಲ್ಲಿ!" ಎಂದೆ. "ಆ ಮೀನು ನಮ್ಮದೇ. ಅದರ ಬಾಯಲ್ಲಿರೋ ಗಾಳ ನೋಡಿ. ಅದು ನನ್ನದು. ಬಡಗಣ ಬುರುಡೆಯಿಂದ ನಲವತ್ತು ಹುಟ್ಟು ಒಳಗೆ ಕಳ್ಕೊಂಡಿದ್ದು."

ಇಡೀ ಅಂಗಳದಲ್ಲಿ ಒಂದು ಕೋಳಿ ಮಾತ್ರ ಕೊಕ್ಕೆಂದಿತು. ನಾನು ಟೋಪಿ ತೆಗೆದೆ. ಅದರ ಒಳಗೆ ಚುಚ್ಚಿದ್ದ, ಆ ಗಾಳದ ಜೋಡಿಯನ್ನು ಬಿಡಿಸಿ ಕಪಿತಾನ್ ಕೈಗಿಟ್ಟೆ. ಕೊಕ್ಕೆಗೆ ಫ್ಯಾನಿನ ತಾಮ್ರದ ತಂತಿ ಸುತ್ತಿ, ಕೆಳಗೆ ಹೊಳೆಯುವ ಒಂದು ಚೂರು ಜರಿ ಬಿಟ್ಟಿದ್ದೆ. ಟೀವಿಯಲ್ಲಿ ಮೀನಿನ ತುಟಿಗೆ ತೂಗುತ್ತಿದ್ದದ್ದೂ ಅದೇ ತಂತಿ, ಅದೇ ಜರಿ.

"ನನ್ನ ಪೂಜೆ ಮುಸುಕಿನ ಅಂಚು!" ಎಂದು ಅತ್ತೆ ಹಿಂದಿನ ಸಾಲಿನಿಂದ ಕೂಗಿದರು.

ಮನೋಯ್ ಪ್ರಿಮೋ ಗಾಳವನ್ನು ಇಸಿದುಕೊಂಡು ತಂತಿಯನ್ನು ಉಗುರಿನಿಂದ ಕೆರೆದ. "ಇದು ನನ್ನ ಫ್ಯಾನಿನ ತಂತಿ! ಪೂರ್ತಿ ಸುಟ್ಟುಹೋಗಿದೆ, ಒಂದು ಗೇಣೂ ಉಳಿದಿಲ್ಲ ಅಂದಿದ್ದೆಯಲ್ಲೋ!" ಆಮೇಲೆ ಟೀವಿಯ ಗಾಳದ ಪಕ್ಕ ಕೈಯ ಗಾಳ ಹಿಡಿದು, ಆ ಲೆಕ್ಕದಲ್ಲಿ ಮೀನನ್ನು ತಲೆಯಿಂದ ಬಾಲದವರೆಗೆ ಅಳೆದ. ಎರಡು ಸಲ ಅಳೆದ. ಮುಖದ ಬಿಗಿ ಸಡಿಲವಾಯಿತು. "ಅಪ್ಪ ಇದ್ದಾಗ ಈ ಗಾತ್ರದ್ದು ನೋಡಿದ್ದೆ" ಎಂದ ಮೆಲ್ಲಗೆ. "ಇನ್ನೈದು ವರ್ಷ ಬಿಟ್ರೆ ಇದರ ಮರಿಗಳು ನಮ್ಮ ಬಲೆಗೆ ಬರ್ತವೆ ಅಲ್ವೇನೇ, ಸಿತಾಂಗ್?" ಎಂದು ಮೊದಲು ಕೈ ಎತ್ತಿದವನೂ ಅವನೇ. ಅವನ ಹಿಂದೆ ಊರಿನ ಮುಕ್ಕಾಲು ಪಾಲು ಕೈ ಎದ್ದವು. ಮೀನುಧಾಮ ಉಳಿಯಿತು. ಸಿತಾಂಗ್ ಕುರ್ಚಿ ಬಿಟ್ಟು ಅಣ್ಣನ ತೋಳು ಹಿಡಿದುಕೊಂಡು ಅತ್ತಳು. ಅವಳು ಅಳುವವಳಲ್ಲ ಎಂದು ನಾನು ಹೇಳಿದ್ದು ತಪ್ಪಾಯಿತು.

ಕಣ್ಣು ಒರೆಸಿಕೊಂಡ ಮೇಲೆ ಅವಳು ನನ್ನ ಕಡೆ ತಿರುಗಿ, ನಿಯಮದ ಪುಸ್ತಕ ತೆರೆದು, ಗಟ್ಟಿಯಾಗಿ ಓದಿದಳು. "ಮೀನುಧಾಮದಲ್ಲಿ ಮೀನು ಹಿಡಿದವರು, ಹಿಡಿಯಲು ಗಾಳ ಹಾಕಿದವರು, ಆ ಮೀನನ್ನು ಮಾರಿದವರು, ಬೇಯಿಸಿದವರು, ತಿಂದವರು, ಎಲ್ಲರಿಗೂ ತಲಾ ಒಂದು ತಿಂಗಳು ತೆಪ್ಪದ ಕಾವಲು. ತಿಯೋದುಲ್ಫೋಗೆ ಈ ಶಿಕ್ಷೆ ಆಗಬೇಕು ಅನ್ನೋರು ಕೈ ಎತ್ತಿ."

ಮೀನುಧಾಮಕ್ಕೆ ಮುಕ್ಕಾಲು ಊರು ಎತ್ತಿತ್ತಲ್ಲ, ಇದಕ್ಕೆ ಪೂರ್ತಿ ಊರು ಎತ್ತಿತು. ಪಾರೆ ವೆನ್ಸೋಯ್ ಎತ್ತಿದ. ಅತ್ತೆ ಎರಡೂ ಕೈ ಎತ್ತಿದರು. ಸಿತಾಂಗ್ ನನ್ನನ್ನೇ ನೋಡುತ್ತಿದ್ದಳು, ನಾನೂ ಎತ್ತಿದೆ. ಅಂದು ಮಧ್ಯಾಹ್ನ ಮನೋಯ್ ಪ್ರಿಮೋ ಐದು ವರ್ಷದ ಮೇಲೆ ನಮ್ಮ ಮೆಟ್ಟಿಲು ಹತ್ತಿ ಬಂದು, ನನ್ನ ಪಾಲಿನ ಅನ್ನವನ್ನೂ ಸೇರಿಸಿ ಉಂಡು ಹೋದ.

ಮರುದಿನದಿಂದ ಕಾವಲು ಶುರು. ಪ್ರತಿ ಬೆಳಗ್ಗೆ ಅತ್ತೆ ನನ್ನ ಜೇಬು, ಟೋಪಿ, ಚಪ್ಪಲಿ ಎಲ್ಲ ತಡಕಿ ನೋಡಿ ಕಳಿಸುತ್ತಾರೆ. ಮೂರನೆಯ ದಿನ ಮಧ್ಯಾಹ್ನ ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಸಿತಾಂಗ್ ತಾನೇ ಸಣ್ಣ ದೋಣಿಗೆ ಹುಟ್ಟು ಹಾಕಿಕೊಂಡು, ಊಟದ ಬುಟ್ಟಿ ಇಟ್ಟುಕೊಂಡು ಬಂದಳು.

"ಎಲ್ಲಿದೆ ಅದು? ಇಳಿಯೋ ಹಾಗಿಲ್ಲ, ಮುಖ ಅದ್ದಿ ನೋಡಬಹುದು. ನಿಯಮದಲ್ಲಿ ಅದಕ್ಕೆ ಅಡ್ಡಿ ಇಲ್ಲ."

ನಾನೂ ದೋಣಿ ಹತ್ತಿ, ಪೊಟರೆಯ ನೇರಕ್ಕೆ ಒಯ್ದು, ಮುಖಕ್ಕೆ ಕಟ್ಟಿಕೊಳ್ಳುವ ಗಾಜು ಕೊಟ್ಟೆ. ಅವಳು ಅಂಚಿನಿಂದ ಬಗ್ಗಿ ನೀರಿನಲ್ಲಿ ಮುಖ ಅದ್ದಿದಳು. ಎಷ್ಟೋ ಹೊತ್ತು ಏಳಲಿಲ್ಲ. ಎದ್ದಾಗ ಮೂಗಿನಿಂದ ನೀರು ಸುರಿಯುತ್ತಿತ್ತು, ಮುಖವೆಲ್ಲ ನಗು.

"ಇದೆ ದೋಂಗ್! ಪೊಟರೆ ಬಿಟ್ಟು ಮೇಲಕ್ಕೇ ಬಂದಿದೆ, ಅದರ ಹಿಂದೆ ಇನ್ನೊಂದೂ ಇದೆ! ಗಾಳ ಉದುರಿ ಹೋಗಿದೆ, ಬಾಯಲ್ಲಿ ಏನೂ ಇಲ್ಲ!" ನನ್ನನ್ನು ತೆಪ್ಪಕ್ಕೆ ಇಳಿಸುವಾಗಲೂ ನಗುತ್ತಲೇ ಇದ್ದಳು. ಒದ್ದೆ ಕೈಯನ್ನು ನನ್ನ ಹೆಗಲ ಮೇಲಿಟ್ಟು, "ಅವತ್ತು ಎಲ್ಲರ ಮುಂದೆ ಒಪ್ಕೊಂಡೆಯಲ್ಲ, ಅದು ನಂಗೋಸ್ಕರ ಅಂತ ಗೊತ್ತು ಕಣೋ. ಪಾಪ, ಒಂದೇ ಒಂದು ಸಲ ಹಾಕಿ ಸಿಕ್ಕಿಬಿದ್ದೆ" ಎಂದಳು.

ಮದುವೆಯಾದ ಮೇಲೆ ಅವಳು ನನಗೆ ಪಾಪ ಎಂದದ್ದು ಅದೇ ಮೊದಲು. ಮನಸ್ಸು ತುಂಬಿ ಬಂತು. ಇಂಥ ಹೆಂಡತಿಯ ಹತ್ತಿರ ಮುಚ್ಚುಮರೆ ಯಾಕೆ ಎನ್ನಿಸಿತು.

"ಒಂದು ಸಲ ಅಲ್ಲ ದಾಯ್. ಇದು ನಾಲ್ಕನೇದು" ಎಂದೆ. (ನಿಮಗೂ ಒಂದೇ ಸಲ ಎಂದಿದ್ದೆ, ಗೊತ್ತು.)

ಹೆಗಲ ಮೇಲಿನ ಕೈ ಹಾಗೇ ನಿಂತಿತು. "ಮೊದಲ ಮೂರು?"

"ಸಾರಾಯ್ತು. ನೀನೇ ನುಗ್ಗೆಸೊಪ್ಪು ಹಾಕಿ ಮಾಡಿದ್ದು. 'ಸಂತೆ ಮೀನು ಇಷ್ಟು ತಾಜಾ ಸಿಕ್ಕಿದ್ದು ಇದೇ ಮೊದಲು' ಅಂತ ನೀನೂ ನಾನಾಯೂ ಎರಡೆರಡು ಸಲ ಹಾಕ್ಕೊಂಡ್ರಿ."

ಅವಳು ನಾಲ್ಕೂ ಕಡೆ ತಿರುಗಿ ನೋಡಿದಳು. ಸಮುದ್ರ ಬಿಟ್ಟರೆ ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಬೇಯಿಸಿದವರು, ತಿಂದವರು ಎಂದು ಸಭೆಯಲ್ಲಿ ಓದಿದ್ದ ಸಾಲು ಅವಳಿಗೂ ನೆನಪಾಗಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ನನಗೆ ಒಳಗೊಳಗೇ ಖುಷಿಯಾಯಿತು. ಇನ್ನು ಇವಳೂ ನನ್ನ ಜೊತೆ ಈ ತೆಪ್ಪದಲ್ಲಿ ಕೂರಬೇಕು, ಇಬ್ಬರೂ ದಿನವಿಡೀ ಸಮುದ್ರ ನೋಡುತ್ತ ಹರಟಬಹುದು. ಅವಳಿಗೆ ಜಾಗವಾಗಲೆಂದು ನಾನು ಚಾಪೆಯ ಮೇಲೆ ಸ್ವಲ್ಪ ಸರಿದೂ ಕೂತೆ.

ಅವಳು ಹುಟ್ಟು ಕೈಗೆತ್ತಿಕೊಂಡಳು.

"ಬೇಯಿಸಿ ತಿಂದಿದ್ದಕ್ಕೆ ನಂದೊಂದು ತಿಂಗಳು. ತಿಂದಿದ್ದಕ್ಕೆ ಅಮ್ಮಂದೊಂದು ತಿಂಗಳು. ನಿಯಮ ಅಂದ್ರೆ ನಿಯಮ. ಆದ್ರೆ ನಂಗೆ ಸಂಘದ ಕೆಲಸ ಇದೆ, ಅಮ್ಮಂಗೆ ವಯಸ್ಸಾಗಿದೆ. ಎರಡನ್ನೂ ನೀನೇ ಮುಗಿಸಿಬಿಡು, ತಿಯೋದುಲ್ಫೋ."

ದೋಣಿ ತಿರುಗಿತು. ಅದು ಊರ ಕಡೆ ಅರ್ಧ ದಾರಿ ಹೋದ ಮೇಲೆ, ನನ್ನ ಊಟದ ಬುಟ್ಟಿ ಅದರಲ್ಲೇ ಇದೆ ಎಂಬುದು ನನಗೆ ಹೊಳೆಯಿತು.